ತೋಳು ಜಗ್ಗುವ ಮದುಮಗಳು

ಅವಳು ಅವನನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದೇ ಕಡಿಮೆ. ಅಂಗಿಯ ತೋಳನ್ನು ಮೊಣಕೈ ಹತ್ತಿರ ಎರಡು ಬೆರಳಲ್ಲಿ ಹಿಡಿದು ಮೆಲ್ಲ ಜಗ್ಗುತ್ತಾಳೆ. ಅವನು ಮಾತು ನಿಲ್ಲಿಸಿ ಅವಳ ಕಡೆ ತಲೆ ಬಾಗಿಸುತ್ತಾನೆ. ಬಂದರಿನ ಧಕ್ಕೆಯಲ್ಲಿ ಮೀನಿನ ಬೋಟುಗಳ ಎಂಜಿನ್ ರಿಪೇರಿ ಮಾಡುವ ಹುಡುಗ ಅವನು. ಸಣ್ಣ ಪ್ರಾಯದಿಂದ ಆ ಸದ್ದಿನ ನಡುವೆಯೇ ಇದ್ದು ಕಿವಿ ಸ್ವಲ್ಪ ಮಂದವಾಗಿದೆ, ಎಡಗಡೆಯದ್ದು ಜಾಸ್ತಿ. ಜನ ಸೇರಿದಲ್ಲಿ ಕರೆದರೆ ಕೇಳುವುದಿಲ್ಲ. ಹಾಗಾಗಿ ಅವಳು ಯಾವಾಗಲೂ ಅವನ ಬಲಕ್ಕೇ ನಿಲ್ಲುವುದು, ತೋಳು ಜಗ್ಗುವುದು.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಅವರ ಮದುವೆ ಕೇಕಿನ ಮೇಲೆ ಇಡುವ ಗೊಂಬೆ ಜೋಡಿಯನ್ನು ನಾನೇ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡ ದಿನ ಇದು ನನಗೆ ಹೊಳೆಯಲೇ ಇಲ್ಲ. ನನ್ನ ತಲೆಯಲ್ಲಿ ಇದ್ದದ್ದು ಬರೀ ಮುಖ. ಮೂಗು ಹೇಗೆ, ಹುಬ್ಬು ಹೇಗೆ, ಅವನ ಗಡ್ಡ ಎಷ್ಟು.

ಅವಳು ಹೆರಿಗೆ ವಾರ್ಡಿನ ನರ್ಸ್. ಮಂಗಳೂರಿನ ಕಂಕನಾಡಿಯ ಒಂದು ಪಿಜಿಯಲ್ಲಿ ಮೂರು ವರ್ಷ ಒಂದೇ ಕಪಾಟಿನಲ್ಲಿ ಬಟ್ಟೆ ಇಟ್ಟುಕೊಂಡವರು ನಾವಿಬ್ಬರು. ನಾನು ಡೆಂಟಲ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರು ಕಳಿಸಿದ ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ಕೆತ್ತುವುದು, ಪೋರ್ಸಲೀನಿನಲ್ಲಿ ಕಟ್ಟುವುದು, ಫರ್ನೇಸಿಗೆ ಇಡುವುದು ನನ್ನ ದಿನದ ಕೆಲಸ. ಜನವರಿಯಲ್ಲಿ ಅವಳ ಫೋನು ಬಂತು. "ಆನ್‌ಲೈನಿನಲ್ಲಿ ಸಿಗುವ ಗೊಂಬೆಗಳೆಲ್ಲ ಒಂದೇ ತರ ಮಾರಾಯ್ತಿ. ಗುಲಾಬಿ ಕೆನ್ನೆ, ಹೊಂಬಣ್ಣದ ಕೂದಲು. ಅದು ನಾವಲ್ಲ. ನೀನು ಹಲ್ಲು ಮಾಡ್ತೀಯಲ್ಲ, ನಮ್ಮನ್ನು ಮಾಡ್ಲಿಕ್ಕೆ ಆಗುದಿಲ್ವಾ?"

ಮದುವೆ ಇದ್ದದ್ದು ಈಸ್ಟರ್ ಕಳೆದು ಎರಡನೇ ವಾರ. ಈಸ್ಟರಿಗೆ ಮೊದಲಿನ ನಲವತ್ತು ದಿನ, ತಪಸ್ಸಿನ ಕಾಲದಲ್ಲಿ, ಕಥೊಲಿಕರ ಮನೆಗಳಲ್ಲಿ ಮದುವೆ ಇಡುವುದಿಲ್ಲ. ಹಾಗಾಗಿ ಆ ನಲವತ್ತು ದಿನ ಪೂರ್ತಿ ಅವಳಿಗೆ ಓಡಾಟದ ಕಾಲ, ನನಗೆ ಗೊಂಬೆಯ ಕಾಲ. ಸಂಜೆ ಏಳಕ್ಕೆ ಮನೆಗೆ ಬಂದು, ಗಂಜಿ ಊಟ ಮುಗಿಸಿ, ಮೇಜಿನ ಮೇಲೆ ಟೇಬಲ್ ಲ್ಯಾಂಪ್ ಹಚ್ಚಿ ಕೂತರೆ ಹನ್ನೊಂದಾಗುವುದು ಗೊತ್ತಾಗುತ್ತಿರಲಿಲ್ಲ.

ಮೊದಲು ತಂದದ್ದು ಏರ್ ಡ್ರೈ ಕ್ಲೇ. ಬೇಯಿಸಬೇಕಾಗಿಲ್ಲ, ಗಾಳಿಗೆ ಇಟ್ಟರೆ ಒಣಗುತ್ತದೆ ಎನ್ನುವುದೇ ಅದರ ಆಕರ್ಷಣೆ. ಒಳಗೆ ತಂತಿಯ ಹಂದರ ಕಟ್ಟಿ, ಅದರ ಮೇಲೆ ಕ್ಲೇ ಮೆತ್ತಿ ಅವನ ಮೈ ಮಾಡಿದೆ. ಮಂಗಳೂರಿನ ಮಾರ್ಚ್ ತಿಂಗಳ ಗಾಳಿ ನಿಮಗೆ ಗೊತ್ತಲ್ಲ, ಒಗೆದ ಬಟ್ಟೆಯ ತೇವವೇ ಆರುವುದಿಲ್ಲ. ಮೇಲ್ಮೈ ಗಟ್ಟಿ, ಒಳಗೆ ಹಸಿ. ನಾಲ್ಕನೇ ದಿನ ಕುತ್ತಿಗೆಯ ಸುತ್ತ ಕೂದಲೆಳೆಯಂಥ ಬಿರುಕು ಕಂಡಿತು, ಐದನೇ ದಿನ ತಲೆ ಕೈಗೆ ಬಂತು. ನೀರು ಆರಿದ ಹಾಗೆ ಕ್ಲೇ ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ. ಎಲ್ಲಿ ತೆಳುವೋ ಅಲ್ಲಿ ಒಡೆಯುತ್ತದೆ. ಲ್ಯಾಬಿನಲ್ಲಿ ದಿನಾ ಇದೇ ಪಾಠ. ಲೋಹದ ಟೊಪ್ಪಿಯ ಮೇಲೆ ಪೋರ್ಸಲೀನ್ ಕಟ್ಟುವಾಗ ಎರಡೂ ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವ ಪ್ರಮಾಣ ಹೊಂದದಿದ್ದರೆ ಹಲ್ಲು ಸೀಳುತ್ತದೆ. ಪೋರ್ಸಲೀನ್ ಬೆಂಕಿಯಲ್ಲಿ ಕುಗ್ಗುತ್ತದೆಂದು ಗೊತ್ತಿದ್ದೇ ಹಲ್ಲನ್ನು ಬೇಕಾದ್ದಕ್ಕಿಂತ ದೊಡ್ಡದು ಕಟ್ಟುತ್ತೇವೆ. ಅಷ್ಟೆಲ್ಲ ತಿಳಿದೂ ಗೊಂಬೆಯ ವಿಷಯಕ್ಕೆ ಬಂದಾಗ ಯೋಚನೆ ಮಾಡದೆ ಹೋದದ್ದು ನನಗೆ ತುಂಬ ಬೇಸರವಾಯಿತು.

ಆ ಭಾನುವಾರ ಬಂಟ್ವಾಳದ ಹತ್ತಿರದ ನಮ್ಮ ಊರಿಗೆ ಹೋದೆ. ನನ್ನ ದೊಡ್ಡಪ್ಪ ಚೌತಿಗೆ ಗಣಪತಿ ಮಾಡುವವರು. ಗದ್ದೆಯಿಂದ ಆವೆ ಮಣ್ಣು ತಂದು, ಕಲ್ಲು ಬೇರು ಹೆಕ್ಕಿ, ತುಳಿದು ಹದ ಮಾಡುವುದನ್ನು ನೋಡುತ್ತಲೇ ನಾನು ದೊಡ್ಡವಳಾದದ್ದು. ಈ ಆವೆ ಮಣ್ಣು ನಮ್ಮ ಸೀಮೆಯನ್ನೇ ಸಾಕಿದ ಮಣ್ಣು. 1860ರ ದಶಕದಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಇದೇ ಮಣ್ಣನ್ನು ನಂಬಿ. ನಮ್ಮ ಅಜ್ಜನ ಮನೆಯ ಮಾಡಿನ ಮೇಲೆ ಈಗಲೂ ಅಂಥ ಹಂಚು ಇದೆ. ಇದರಲ್ಲೇ ಗೊಂಬೆ ಮಾಡಿದರೆ ಹೇಗೆ ಎಂದು ಕೇಳಿದೆ. ದೊಡ್ಡಪ್ಪ ಬೇಡ ಎಂದರು. "ಹಸಿ ಮಣ್ಣು ನೀರಿಗೆ ಬಿಡ್ಲಿಕ್ಕೆ ಇರುವ ಮೂರ್ತಿಗೆ ಸರಿ. ಅಷ್ಟು ಸಪೂರ ನೆರಿಗೆಗೆ ನಿಲ್ಲುದಿಲ್ಲ. ತಿನ್ನುವ ವಸ್ತುವಿನ ಮೇಲೆ ಪುಡಿ ಉದುರ್ತದೆ."

ಚೀಲದಲ್ಲಿ ನಾನು ಹೊಸದಾಗಿ ತರಿಸಿದ ಪಾಲಿಮರ್ ಕ್ಲೇ ಇತ್ತು. ಒಂದು ತುಂಡು ಕೊಟ್ಟೆ. ಮೂಗಿನ ಹತ್ತಿರ ಹಿಡಿದು ನೋಡಿದರು. "ಇದು ಮಣ್ಣಲ್ಲ. ಮಣ್ಣಿನ ವಾಸನೆಯೇ ಇಲ್ಲ." ನಿಜ. ಹೆಸರಿಗೆ ಕ್ಲೇ, ಒಳಗಿರುವುದು ಪಿವಿಸಿ ಪ್ಲಾಸ್ಟಿಕ್ಕು ಮತ್ತು ಅದನ್ನು ಮೆದು ಇಡುವ ಎಣ್ಣೆಯಂಥ ದ್ರವ. ಒಣಗುವುದೇ ಇಲ್ಲ, ಬೇಯಿಸಿದರೆ ಮಾತ್ರ ಗಟ್ಟಿ. ನೀರಿಲ್ಲದ ಕಾರಣ ಕುಗ್ಗುವುದೂ ಇಲ್ಲವೆಂದೇ ಹೇಳಬೇಕು. ಆದರೂ ದೊಡ್ಡಪ್ಪ ಅದನ್ನು ಬಿಡಲಿಲ್ಲ. ಮಾತಾಡುತ್ತಾ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಒಂದು ಗೇಣಿಗೂ ಕಡಿಮೆ ಇರುವ ಆಳು ಮಾಡಿದರು. ಮುಖವಿಲ್ಲ, ಕೈಯಿಲ್ಲ, ಬರೀ ಬೆನ್ನು ಮತ್ತು ತಲೆಯ ಉಂಡೆ. ಅದನ್ನು ನೋಡಿದ ಕೂಡಲೇ ದೊಡ್ಡಮ್ಮ ಒಳಗಿಂದ ಬಂದು, "ಇದೆಂತ, ನಿಮ್ಮ ತಮ್ಮನ ಹಾಗೆ ಉಂಟಲ್ಲ" ಎಂದರು. ನನ್ನ ಅಪ್ಪ. ಒಂದು ಭುಜ ಇಳಿಸಿ ನಿಲ್ಲುವ ಅಪ್ಪ. ಕಣ್ಣು ಮೂಗು ಯಾವುದೂ ಇಲ್ಲದೆ ಅಪ್ಪ ಅಲ್ಲಿದ್ದರು.

"ಮುಖ ಕೊನೆಗೆ. ಮೊದಲು ಬೆನ್ನು ನೋಡು. ಅವರು ಹೇಗೆ ನಿಲ್ತಾರೆ?" ಎಂದು ದೊಡ್ಡಪ್ಪ ಕೇಳಿದರು. ನಾನು ಬಸ್ಸಿನಲ್ಲಿ ವಾಪಸ್ ಬರುವಾಗ ಅದನ್ನೇ ಯೋಚಿಸುತ್ತಾ ಬಂದೆ. ಫರಂಗಿಪೇಟೆ ದಾಟುವಷ್ಟರಲ್ಲಿ ಆ ಎರಡು ಬೆರಳು, ಆ ತೋಳು ನೆನಪಾಯಿತು.

ಆಮೇಲೆ ಕೆಲಸ ಬೇರೆಯೇ ಆಯಿತು. ಅವನ ಎತ್ತರ 9 ಸೆಂಟಿಮೀಟರ್, ಅವಳದ್ದು 8. ನಿಜವಾದ ಮನುಷ್ಯನ ಎತ್ತರ ಅವನ ತಲೆಯ ಏಳು ಏಳೂವರೆ ಪಟ್ಟು ಇರುತ್ತದೆ. ಆ ಲೆಕ್ಕದಲ್ಲಿ ಮಾಡಿದರೆ ಕೇಕಿನ ಮೇಲೆ ತಲೆ ಬಟಾಣಿಯಾಗುತ್ತದೆ, ದೂರದವರಿಗೆ ಕಾಣುವುದಿಲ್ಲ. ನಾಲ್ಕು ಪಟ್ಟಿಗೆ ಇಳಿಸಿದೆ. ಮೈಯ ಒಳಗೆ ಅಲ್ಯುಮಿನಿಯಂ ಫಾಯಿಲನ್ನು ಗಟ್ಟಿಯಾಗಿ ಮುದ್ದೆ ಕಟ್ಟಿ ಇಟ್ಟೆ. ಕ್ಲೇ ಉಳಿಯುತ್ತದೆ, ಭಾರ ಕಡಿಮೆಯಾಗುತ್ತದೆ, ಒಳಗಿನವರೆಗೆ ಸಮನಾಗಿ ಬೇಯುತ್ತದೆ. ಅವನ ಎರಡು ಕಾಲಿನಲ್ಲೂ ತಂತಿ, ಅದು ಪಾದದಿಂದ ಕೆಳಗಿಳಿದು ಮರದ ಬಿಲ್ಲೆಗೆ ನಾಟುವ ಹಾಗೆ. ಅವಳಿಗೆ ಸೀರೆಯ ಘೇರೇ ಆಧಾರ.

ಸೀರೆ ಎಂದೆ. ಕೇಕು ಕತ್ತರಿಸುವಾಗ ಅವಳು ಬಿಳಿ ಗೌನಿನಲ್ಲಿ ಇರುವವಳು. ವರನ ಮನೆಯವರು ಕೊಡುವ ಕೆಂಪು ಸೀರೆ, ಸಾಡೊ, ಉಡಿಸುವುದು ಆಮೇಲೆ. ಗೊಂಬೆಗೆ ಯಾವುದು ಎಂದು ಕೇಳಿದಾಗ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಸಾಡೊ. ಅಮ್ಮನ ಸಾಡೊ ಈಗಲೂ ಕಪಾಟಿನಲ್ಲಿ ಉಂಟು. ಗೌನು ಒಂದು ದಿನದ್ದು."

ಸಾಡೊಗೆ ನಾಲ್ಕು ಸಂಜೆ ಹೋಯಿತು. ಕೆಂಪಿಗೆ ಚೂರು ಕಂದು ಬೆರೆಸಿ, ಗಾಜಿನ ಮೇಲೆ ಲಟ್ಟಿಸಿ ಒಂದು ಮಿಲಿಮೀಟರಿಗಿಂತ ತೆಳುವಾದ ಹಾಳೆ ಮಾಡಿದೆ. ಏಪ್ರಿಲಿನ ಸೆಖೆಗೆ ಕ್ಲೇ ಬೆಣ್ಣೆಯಾಗುತ್ತಿತ್ತು. ಗಾಜಿನ ಸಮೇತ ಫ್ರಿಜ್ಜಿನಲ್ಲಿ ಹತ್ತು ನಿಮಿಷ ಇಟ್ಟು ತೆಗೆಯಬೇಕು, ಮತ್ತೆ ಐದು ನಿಮಿಷದೊಳಗೆ ನೆರಿಗೆ ಹಿಡಿಯಬೇಕು. ನೆರಿಗೆಯನ್ನು ಬೆರಳಲ್ಲಿ ಹಿಡಿದರೆ ಮುದ್ದೆಯಾಗುತ್ತದೆ. ಮೇಣ ಕೆತ್ತುವ ಲೆಕ್ರಾನ್ ಕಾರ್ವರಿನ ಚಪ್ಪಟೆ ತುದಿಯನ್ನು ಹಾಳೆಯ ಅಡಿಗೆ ತೂರಿಸಿ, ಎತ್ತಿ, ಮಡಚಿ, ಹಾಗೇ ಒರಗಿಸಬೇಕು. ಒಂದು, ಎರಡು, ಮೂರು. ಐದನೆಯದಕ್ಕೆ ಬರುವಾಗ ಮೊದಲನೆಯದು ಬಿಚ್ಚಿಕೊಳ್ಳುತ್ತಿತ್ತು. ಅಮ್ಮ ಸೀರೆ ಉಡುವಾಗ ನೆರಿಗೆಯನ್ನು ಹೊಟ್ಟೆಗೆ ಸಿಕ್ಕಿಸುವ ಮೊದಲು ಒಮ್ಮೆ ಕೊಡವುತ್ತಾಳಲ್ಲ, ಹಾಗೆ ಮೇಲಿನ ತುದಿಯನ್ನು ಮಾತ್ರ ಚಿಮುಟದಲ್ಲಿ ಕಚ್ಚಿ ಕೆಳಗಿನದ್ದನ್ನು ಸ್ವತಂತ್ರ ಬಿಟ್ಟೆ. ಆಗ ಅವು ತಾವಾಗಿಯೇ ಸಾಲಾಗಿ ಬಿದ್ದವು. ಅಂಚಿಗೆ ಸೂಜಿಯ ತುದಿಯಲ್ಲಿ ಸಣ್ಣ ಸಣ್ಣ ಗೀರು ಎಳೆದು, ಒಣ ಬ್ರಶ್ಶಿನಲ್ಲಿ ಚಿನ್ನದ ಬಣ್ಣದ ಅಭ್ರಕದ ಪುಡಿ ಸವರಿದೆ. ಗೀರಿನ ಏರಿಗೆ ಮಾತ್ರ ಪುಡಿ ಹಿಡಿಯಿತು, ತಗ್ಗಿನಲ್ಲಿ ಕೆಂಪು ಉಳಿಯಿತು. ದೂರದಿಂದ ಜರಿಯೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಎದ್ದು ಎದ್ದು ನೋಡಿದೆ.

ಇನ್ನು ಮೈಬಣ್ಣ. ಪ್ಯಾಕೆಟ್ಟಿನಲ್ಲಿ ಮೈಬಣ್ಣವೆಂದು ಸಿಗುವ ಕ್ಲೇ ತಿಳಿ ಗುಲಾಬಿ. ಅದು ನಮ್ಮ ಊರಿನ ಯಾರ ಬಣ್ಣವೂ ಅಲ್ಲ. ಲ್ಯಾಬಿನಲ್ಲಿ ಹಲ್ಲಿನ ಬಣ್ಣ ಹೊಂದಿಸಲು ಒಂದು ಶೇಡ್ ಗೈಡ್ ಇದೆ, ಎ1ರಿಂದ ಡಿ4ರವರೆಗೆ 16 ಛಾಯೆಗಳು. ರೋಗಿಯ ಪಕ್ಕದ ಹಲ್ಲಿಗೆ ಹಿಡಿದು ನೋಡದೆ ಹಲ್ಲು ಕಟ್ಟುವುದಿಲ್ಲ. ಅದೇ ಅಭ್ಯಾಸದಲ್ಲಿ ಕಂದು, ಹಳದಿ, ಬಿಳಿ, ಚೂರೇ ಚೂರು ಕೆಂಪು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ ಒಂಬತ್ತು ಗುಂಡು ಮಾಡಿ, ಬೇಯಿಸಿ, ಡಬ್ಬಿಯಲ್ಲಿ ಹಾಕಿಕೊಂಡು ಅವಳ ಮನೆಗೆ ಹೋದೆ. ಕಿಟಕಿಯ ಹತ್ತಿರ ನಿಲ್ಲಿಸಿ ಮಣಿಕಟ್ಟಿಗೆ ಒಂದೊಂದೇ ಹಿಡಿದೆ. ಏಳನೆಯದು ಅವಳದ್ದು. ಅವನಿಗೆ ಒಂಬತ್ತನೆಯದು.

ಅಲ್ಲಿದ್ದ ಅವಳ ಸಂಬಂಧದ ಹಿರಿಯರೊಬ್ಬರು, "ಗೊಂಬೆ ಅಲ್ವಾ, ಸ್ವಲ್ಪ ಬಿಳಿ ಮಾಡು. ಫೋಟೊದಲ್ಲಿ ಚಂದ ಕಾಣ್ತದೆ" ಎಂದರು. ಅವಳು ಏನೂ ಹೇಳಲಿಲ್ಲ. ತಲೆ ಕೆಳಗೆ ಹಾಕಿ ಆ ಏಳನೇ ಗುಂಡನ್ನು ಅಂಗೈಯಲ್ಲಿ ಉರುಳಿಸುತ್ತಿದ್ದಳು. ನನಗೆ ಸಿಟ್ಟು ಬಂತು, ಈಗ ಬರೆಯುವಾಗಲೂ ಬರುತ್ತಿದೆ. ಚಿಕ್ಕಂದಿನಿಂದ ಅವಳಿಗೆ ಈ ಮಾತು ಎಷ್ಟು ಸಲ ಬಿದ್ದಿದೆಯೆಂದು ನನಗೆ ಗೊತ್ತು. ಪಿಜಿಯಲ್ಲಿ ದೀಪ ಆರಿಸಿದ ಮೇಲೆ ಹೇಳುತ್ತಿದ್ದಳು. "ಇಲ್ಲ ಆಂಟಿ, ಇವಳನ್ನು ಇವಳ ಹಾಗೇ ಮಾಡುದು" ಎಂದು ಹೇಳಿ ಡಬ್ಬಿ ಮುಚ್ಚಿದೆ. ಗೊಂಬೆಯ ಮುಖ ಏಳನೇ ಬಣ್ಣದ್ದೇ.

ಕೈಗಳನ್ನು ಕೊನೆಗೆ ಇಟ್ಟುಕೊಂಡಿದ್ದೆ, ಹೆದರಿಕೆಯಿಂದ. ಅವಳ ಬಲಗೈ ಸೊಂಟದ ಹತ್ತಿರ, ಅದು ಸುಲಭ. ಎಡಗೈ ಅವನ ಕೋಟಿನ ತೋಳಿನಲ್ಲಿರಬೇಕು. ಕುಚ್ಚಲಕ್ಕಿಯ ಎರಡು ಕಾಳಿನಷ್ಟು ಕ್ಲೇ. ಅದನ್ನು ಚಪ್ಪಟೆ ಮಾಡಿ, ಮೊನೆಯಿರುವ ಬ್ಲೇಡಿನಲ್ಲಿ ನಾಲ್ಕು ಗೀರು ಎಳೆದರೆ ಐದು ಬೆರಳು. ಮೂರನ್ನು ಒಳಗೆ ಮಡಚಿ, ಹೆಬ್ಬೆರಳು ಮತ್ತು ತೋರುಬೆರಳನ್ನು ಮಾತ್ರ ಮುಂದೆ ಚಾಚಿದೆ. ಅವನ ತೋಳಿನ ಮೇಲೆ ಒತ್ತಿದರೆ ಅದು ಹಿಡಿದ ಹಾಗೆ ಕಂಡಿತು, ಜಗ್ಗಿದ ಹಾಗೆ ಕಾಣಲಿಲ್ಲ. ಮೂರು ಸಲ ಕಿತ್ತು ಮೂರು ಸಲ ಇಟ್ಟೆ. ಕೊನೆಗೆ ಗೊತ್ತಾಯಿತು, ತಪ್ಪಿರುವುದು ಬೆರಳಿನಲ್ಲಲ್ಲ, ಬಟ್ಟೆಯಲ್ಲಿ. ಬಟ್ಟೆ ಜಗ್ಗಿದರೆ ಭುಜದವರೆಗೆ ಸುಕ್ಕು ಹೋಗುತ್ತದೆ. ಬೆರಳಿನ ತುದಿಯಿಂದ ಅವನ ಭುಜಕ್ಕೆ ಓರೆಯಾಗಿ ಮೂರು ಗೆರೆ ಒತ್ತಿದೆ, ಅವನ ತಲೆಯನ್ನು ಇನ್ನಷ್ಟು ಬಲಕ್ಕೆ ವಾಲಿಸಿದೆ. ಅಷ್ಟೇ. ಮುಖಕ್ಕೆ ಆಮೇಲೆ ಇಟ್ಟದ್ದು ತಲಾ ಎರಡು ಕಪ್ಪು ಚುಕ್ಕಿ, ಅವಳಿಗೆ ಕನ್ನಡಕ, ಅವನಿಗೆ ಗಡ್ಡದ ನೆರಳು. ಮೂಗಿನ ಬಗ್ಗೆ ಮೊದಲು ಅಷ್ಟೆಲ್ಲ ಯೋಚಿಸಿದ್ದೆನಲ್ಲ, ಅದು ಸಾಸಿವೆಗಿಂತ ಸಣ್ಣ ಗುಬುಟು ಮಾತ್ರ.

ಬೇಯಿಸುವುದು 130 ಡಿಗ್ರಿಯಲ್ಲಿ, ಆರು ಮಿಲಿಮೀಟರ್ ದಪ್ಪಕ್ಕೆ 15 ನಿಮಿಷ ಎಂದು ನನ್ನ ಪ್ಯಾಕೆಟ್ಟಿನ ಮೇಲೆ ಇತ್ತು. ಲ್ಯಾಬಿನ ಫರ್ನೇಸು 900 ಡಿಗ್ರಿಗೆ ಹೋದರೂ ಹೇಳಿದ ಜಾಗದಲ್ಲಿ ನಿಲ್ಲುತ್ತದೆ. ಮನೆಯ ಹಳೆಯ ಒಟಿಜಿ, ಕರೆಂಟಿನ ಸಣ್ಣ ಓವನ್, ಹಾಗಲ್ಲ. ಮುಳ್ಳನ್ನು 130ಕ್ಕೆ ಇಟ್ಟಿದ್ದೆ, ಮೊದಲ ಸಲ ಅವನನ್ನೊಬ್ಬನನ್ನೇ ಬೇಯಿಸಿದಾಗ ಬಿಳಿ ಶರ್ಟಿನ ಎದೆ ಕಂದಿಹೋಯಿತು. ಓವನ್ ಥರ್ಮಾಮೀಟರ್ ತಂದು ಒಳಗಿಟ್ಟು ನೋಡಿದರೆ 155. ಅವನನ್ನು ಪುನಃ ಮಾಡಿದೆ. ಎರಡನೇ ಸಲ ಕಡಿಮೆ ಉರಿಯಲ್ಲಿಟ್ಟು, ಮುಳ್ಳನ್ನು ಬಿಟ್ಟು ಥರ್ಮಾಮೀಟರನ್ನೇ ನಂಬಿ, ಮೇಲಿನ ರಾಡಿನ ಬಿಸಿ ನೇರ ತಾಗದ ಹಾಗೆ ಫಾಯಿಲಿನ ಚಪ್ಪರ ಹಾಕಿ ಪಕ್ಕದಲ್ಲೇ ಕುರ್ಚಿ ಹಾಕಿ ಕೂತೆ. ಈ ಕ್ಲೇ ಅತಿಯಾಗಿ ಸುಟ್ಟರೆ ಕೆಟ್ಟ ಹೊಗೆ ಬಿಡುತ್ತದೆ. ಮಾಡುವವರು ಕಿಟಕಿ ತೆರೆದಿಡಿ, ಅಡುಗೆಗೆ ಬಳಸುವ ಓವನ್ ಬೇಡ.

ಅವರ ನಾಯಿಯನ್ನೂ ಮಾಡಬೇಕು ಎನ್ನುವುದು ಅವನ ಆಸೆ. ಧಕ್ಕೆಯಲ್ಲಿ ಸಿಕ್ಕಿದ ಕಂದು ಬಣ್ಣದ ಊರ ನಾಯಿ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿದ್ದು. ಮದುವೆ ಕೇಕಿನ ಮೇಲೆ ನಾಯಿಯಾ ಎಂದು ಅವನ ಅಮ್ಮನಿಗೆ ಸ್ವಲ್ಪ ಸಂಕೋಚವಿತ್ತು. ನಾನು ಓದಿದ್ದನ್ನು ಅವರಿಗೆ ಹೇಳಿದೆ. 1840ರ ಫೆಬ್ರವರಿಯಲ್ಲಿ ವಿಕ್ಟೋರಿಯಾ ರಾಣಿಯ ಮದುವೆಗೆ ಮಾಡಿದ ಕೇಕಿನ ಮೇಲೆ ಬ್ರಿಟಾನಿಯಾ ದೇವಿ ವಧೂವರರನ್ನು ಹರಸುವ ಗೊಂಬೆಗಳಿದ್ದವು. ಅದರಲ್ಲಿ ವರನ ಕಾಲ ಬಳಿ ಒಂದು ನಾಯಿ, ನಿಷ್ಠೆಯ ಗುರುತಾಗಿ. ರಾಣಿಯ ಕಾಲ ಬಳಿ ಜೋಡಿ ಪಾರಿವಾಳ. "ರಾಣಿಯ ಕೇಕಿನಲ್ಲಿ ಇತ್ತು ಅಂತಾದ್ರೆ ಇರ್ಲಿ" ಎಂದು ಅವರೂ ಒಪ್ಪಿದರು. ನಾಯಿಯನ್ನು ನಾನು ಕಣ್ಣಾರೆ ನೋಡಿರಲಿಲ್ಲ. ಅವಳು ಕಳಿಸಿದ ನಾಲ್ಕು ಫೋಟೊ ನೋಡಿ ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದೆ.

ಕೇಕು ಮಾಡಿದ್ದು ಅವರ ವಾಳೆಯ, ಅಂದರೆ ಇಗರ್ಜಿಯ ವಾರ್ಡಿನ, ಒಬ್ಬರು ಬಾಯಮ್ಮ. ಮೂರು ಅಂತಸ್ತು, ರಮ್ಮಿನಲ್ಲಿ ನೆನೆಸಿದ ಒಣಹಣ್ಣಿನದ್ದು, ಮೇಲೆ ಬಿಳಿ ಐಸಿಂಗ್. ಅವರಿಗೆ ನನ್ನ ಮೊದಲ ಫೋನು ಭಾರದ ಬಗ್ಗೆ. ಬಿಲ್ಲೆಯೂ ಸೇರಿ 140 ಗ್ರಾಂ, ತಡೆಯುತ್ತದಾ? ಅವರು ಮೇಲಿನ ಅಂತಸ್ತಿಗೆ ಬಿದಿರಿನ ಕಡ್ಡಿ ಇಳಿಸಿ ಅದರ ಮೇಲೆ ಸಣ್ಣ ಕೇಕ್ ಬೋರ್ಡ್ ಇಟ್ಟರು. ಪಾಲಿಮರ್ ಕ್ಲೇ ತಿನ್ನುವ ವಸ್ತುವಿಗೆ ತಾಗಬಾರದು, ಹಾಗಾಗಿ ಆ ಬೋರ್ಡು ಬೇಕೇ ಬೇಕು. ಗೊಂಬೆ ನೋಡಿದ ಬಾಯಮ್ಮ, "ಮದುಮಗಳು ಎಡಕ್ಕಲ್ವಾ ಇರ್ಬೇಕಾದ್ದು?" ಎಂದರು. ಯಾಕೆ ಬಲಕ್ಕಿದ್ದಾಳೆಂದು ಹೇಳಿದೆ. ಅವರು ಸ್ವಲ್ಪ ಹೊತ್ತು ಗೊಂಬೆಯ ಕೈಯನ್ನೇ ನೋಡಿ, "ಹೌದು, ಹಾಗೇ ಇರ್ಲಿ" ಎಂದು ಐಸಿಂಗಿನ ಹೂವುಗಳನ್ನು ಪಕ್ಕಕ್ಕೆ ಸರಿಸಿ ಆ ಕೈ ಕಾಣುವ ಹಾಗೆ ಜಾಗ ಮಾಡಿದರು.

ಮದುವೆಯ ಹಾಲಿಗೆ ಗೊಂಬೆ ಒಯ್ದದ್ದು ಲ್ಯಾಬಿನಲ್ಲಿ ಅಚ್ಚು ಕಳಿಸುವ ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ರಿಕ್ಷಾದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಪ್ರತಿ ಹೊಂಡಕ್ಕೂ ಎರಡು ಕೈಯಲ್ಲಿ ಎತ್ತಿ ಹಿಡಿದು.

ಬ್ಯಾಂಡು ಶುರುವಾಗಿ, ಇಬ್ಬರೂ ಕೇಕಿನ ಹತ್ತಿರ ಬಂದಾಗ ನಾನು ಹಿಂದಿನ ಸಾಲಿನಲ್ಲಿದ್ದೆ. ಅವನ ಅಮ್ಮ ಕೇಕಿನ ಹಿಂಬದಿಯಲ್ಲಿ ನಿಂತಿದ್ದರು, ಅವರಿಗೆ ಕಾಣುತ್ತಿದ್ದದ್ದು ಗೊಂಬೆಗಳ ಬೆನ್ನು ಮಾತ್ರ. ಅವರು ಪಕ್ಕದವರ ಕೈ ಹಿಡಿದು ಅದನ್ನು ತೋರಿಸಿದರು. ಕೊಂಕಣಿಯಲ್ಲಿ ಏನೋ ಹೇಳಿದರು, ಬ್ಯಾಂಡಿನ ಸದ್ದಿನಲ್ಲಿ ನನಗೆ ಕೇಳಲಿಲ್ಲ. ತಮ್ಮ ತಲೆಯನ್ನು ಬಲಕ್ಕೆ ವಾಲಿಸಿ ತೋರಿಸುತ್ತಿದ್ದದ್ದು ಕಂಡಿತು. ನಾನು ಎದ್ದು ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಇದಾಗಿ ಆರು ವಾರ ಆಯಿತು. ಮೊನ್ನೆ ಮೊದಲ ಸಲ ಅವರ ಹೊಸ ಮನೆಗೆ ಹೋದೆ. ಗೊಂಬೆಗಳು ಶೋಕೇಸಿನಲ್ಲಿವೆ. ಬಾಗಿಲಲ್ಲೇ ನಾಯಿ ಬಂದು ಕೈ ಮೂಸಿತು. ತಲೆ ಸವರುವಾಗ ನೋಡಿದೆ, ಮಡಚಿದ ಕಿವಿ ಎಡಗಡೆಯದ್ದು. ನಾನು ಮಾಡಿದ್ದು ಬಲಗಡೆಯದ್ದು. ಕಳಿಸಿದ ನಾಲ್ಕೂ ಫೋಟೊ ಸೆಲ್ಫಿ, ಫೋನಿನಲ್ಲಿ ಎಡ ಬಲ ಅದಲು ಬದಲಾದವು. ಅವರಿಬ್ಬರೂ ಮದುವೆಯ ದಿನವೇ ಗಮನಿಸಿದ್ದರಂತೆ, ಹೇಳಿರಲಿಲ್ಲ. "ಇರ್ಲಿ ಅಕ್ಕ, ಅದನ್ನು ಮುಟ್ಟುದು ಬೇಡ" ಎಂದು ಅವನು ಎಷ್ಟು ಹೇಳಿದರೂ ನನಗೆ ಮನಸ್ಸು ಕೇಳಲಿಲ್ಲ. ಈ ಕ್ಲೇಯನ್ನು ಒಮ್ಮೆ ಬೇಯಿಸಿದ ಮೇಲೂ ಹೊಸ ತುಂಡು ಸೇರಿಸಿ ಮತ್ತೆ ಬೇಯಿಸಬಹುದು. ಬಿಲ್ಲೆಯಿಂದ ನಾಯಿಯನ್ನು ಬ್ಲೇಡಿನಲ್ಲಿ ಬಿಡಿಸಿ ಡಬ್ಬಿಯಲ್ಲಿ ಹಾಕಿಕೊಂಡು ಬಂದೆ. ಹೊರಡುವ ಮೊದಲು ನಿಜವಾದ ನಾಯಿಯ ಪಕ್ಕ ನೆಲದಲ್ಲಿ ಅರ್ಧ ಗಂಟೆ ಕೂತಿದ್ದೆ, ಅದು ಹೇಗೆ ಕೂರುತ್ತದೆ, ಕತ್ತು ಎತ್ತ ತಿರುಗಿಸುತ್ತದೆ ಎಂದು ನೋಡುತ್ತಾ.

ಈಗ ಹೊರಗೆ ಜೂನಿನ ಮಳೆ ಸುರಿಯುತ್ತಿದೆ. ಎರಡು ಕಿವಿಯೂ ಬದಲಾಯಿಸಿದ ನಾಯಿ ಒಟಿಜಿಯೊಳಗಿದೆ, ಇನ್ನು ಒಂಬತ್ತು ನಿಮಿಷ. ಭಾನುವಾರದ ಪೂಜೆ ಮುಗಿಸಿಕೊಂಡು ಅವರು ಬರುತ್ತಾರೆ, ಬಿಲ್ಲೆಯನ್ನೂ ತರುತ್ತಾರೆ.